ಬೇಸ್‌ಮೆಂಟಿನ ರೇಡಾನ್, ಬೆಳಗಿನ ತಲೆನೋವು: ಒಂದೇ ಕಾಯಿಲೆಯಲ್ಲ

ಪ್ರಶ್ನೆ: ನಾವಿಬ್ಬರೂ ನಿವೃತ್ತರು, ಮೈಸೂರಿನವರು. ನನಗೆ 66 ವರ್ಷ. ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಅಲೆನ್‌ಟೌನ್ ಹತ್ತಿರ, 1974ರಲ್ಲಿ ಕಟ್ಟಿದ ಮನೆ ಕೊಂಡು ಎರಡು ವರ್ಷವಾಯಿತು. ಕಳೆದ ಚಳಿಗಾಲದಲ್ಲಿ ನಾಲ್ಕು ತಿಂಗಳು ಅಲ್ಲಿದ್ದೆವು. ನಮಗೆ ಬೇಸ್‌ಮೆಂಟಿನ ಕೋಣೆ ಬಿಟ್ಟುಕೊಟ್ಟಿದ್ದರು, ಪಕ್ಕದಲ್ಲೇ ಮನೆ ಕಾಯಿಸುವ ಗ್ಯಾಸ್ ಫರ್ನೇಸ್, ವಾಟರ್ ಹೀಟರ್ ಇರುವ ಕೋಣೆ. ನನ್ನ ಪತ್ನಿಗೆ ಬೆಳಗ್ಗೆ ಎದ್ದರೆ ತಲೆನೋವು, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿತ್ತು. ಮೈಸೂರಿಗೆ ಬಂದ ಮೇಲೆ ಇಲ್ಲ. ಈಚೆಗೆ ಪಕ್ಕದ ಮನೆಯವರು ಮನೆ ಮಾರುವಾಗ ಪರೀಕ್ಷೆಯಲ್ಲಿ ರೇಡಾನ್ 11 ಬಂತಂತೆ. ಮಗ ಒಂದು ಡಿಜಿಟಲ್ ಮೀಟರ್ ತಂದು ಸಂಪ್ ಗುಂಡಿಯ ಮುಚ್ಚಳದ ಮೇಲೆ ಇಟ್ಟಿದ್ದಾನೆ. ಒಂದು ದಿನ 9, ಮರುದಿನ 4, ಇನ್ನೊಂದು ದಿನ 13 ತೋರಿಸುತ್ತಿದೆ. ಕಿಟಕಿ ತೆಗೆದಿಟ್ಟರೆ ಸಾಕು ಅಂತಾನೆ ಮಗ. ಸೊಸೆ ಏರ್ ಪ್ಯೂರಿಫೈಯರ್ ತರೋಣ ಅಂತಾಳೆ. ನಾನು ಹತ್ತು ವರ್ಷದ ಹಿಂದೆ ಸಿಗರೇಟು ಬಿಟ್ಟವನು. ನಾವು ರಕ್ತಪರೀಕ್ಷೆ ಮಾಡಿಸಬೇಕೇ? ಮತ್ತೆ ಅಲ್ಲಿಗೆ ಹೋಗಬಹುದೇ? ಗ್ರಾನೈಟ್‌ನಿಂದಲೂ ರೇಡಾನ್ ಬರುತ್ತದೆಂದು ವಾಟ್ಸಾಪಿನಲ್ಲಿ ಓದಿದೆ. ನಮ್ಮ ಮೈಸೂರಿನ ಮನೆಯ ನೆಲವೆಲ್ಲ ಗ್ರಾನೈಟ್. ಬಚ್ಚಲಲ್ಲಿ ಗ್ಯಾಸ್ ಗೀಸರ್ ಬೇರೆ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಮಸ್ಯೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲು ಅವನ್ನು ಬಿಡಿಸಬೇಕು. ರೇಡಾನ್‌ನಿಂದ ತಲೆನೋವು ಬರುವುದಿಲ್ಲ. ಕೆಮ್ಮು, ತಲೆಸುತ್ತು, ವಾಕರಿಕೆ, ಯಾವುದೂ ಬರುವುದಿಲ್ಲ. ಬಣ್ಣ, ವಾಸನೆ, ರುಚಿ ಒಂದೂ ಇಲ್ಲದ ಆ ವಿಕಿರಣಶೀಲ ಅನಿಲ ಮನೆಯಲ್ಲಿ ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ, ನಿಮ್ಮ ಪತ್ರದ ಅಂಕಿಗಳೂ ಇದರಲ್ಲೇ) ಇರಲಿ, 400 ಇರಲಿ, ಮೈಗೆ ಗೊತ್ತಾಗುವುದಿಲ್ಲ. ಹಾಗಾದರೆ ಚಳಿಗಾಲದಲ್ಲಿ, ಫರ್ನೇಸ್ ಪಕ್ಕದ ಕೋಣೆಯಲ್ಲಿ ಮಲಗಿದಾಗ ಬೆಳಗ್ಗೆ ಬಂದು ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿದ್ದ ತಲೆನೋವು? ಅದನ್ನು ಕೇಳಿದ ಕೂಡಲೇ ನಮ್ಮ ಕಸುಬಿನವರ ಮನಸ್ಸು ಹೋಗುವುದು ಕಾರ್ಬನ್ ಮಾನಾಕ್ಸೈಡ್ ಕಡೆಗೆ, ಅಂದರೆ ಇಂಧನ ಸರಿಯಾಗಿ ಉರಿಯದಾಗ ಹುಟ್ಟುವ ವಿಷಾನಿಲದ ಕಡೆಗೆ. ರೇಡಾನ್ ವರ್ಷಗಳ ಲೆಕ್ಕದ ಅಪಾಯ. ಕಾರ್ಬನ್ ಮಾನಾಕ್ಸೈಡ್ ಒಂದು ರಾತ್ರಿಯ ಲೆಕ್ಕದ್ದು. ಆದ್ದರಿಂದ ಮಗನಿಗೆ ಇವತ್ತೇ ಫೋನ್ ಮಾಡಿ ಹೇಳಬೇಕಾದ್ದು ಎರಡನೆಯದರ ಬಗ್ಗೆ.

ತಲೆನೋವಿಗೆ ಬೇರೆ ಕಾರಣಗಳೂ ಇರಬಹುದು: ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಮುಚ್ಚಿದ ಚಿಕ್ಕ ಕೋಣೆಯ ಹಳಸಿದ ಗಾಳಿ. ವೈದ್ಯರಿಗೆ ತೋರಿಸಿ. ಆದರೆ ಕಾರ್ಬನ್ ಮಾನಾಕ್ಸೈಡ್ ಸೇರಿತ್ತೇ ಎಂದು ಈಗ ಮೈಸೂರಿನಲ್ಲಿ ರಕ್ತ ಪರೀಕ್ಷಿಸಿ ಪ್ರಯೋಜನವಿಲ್ಲ. ಶುದ್ಧ ಗಾಳಿಗೆ ಬಂದ ನಾಲ್ಕೈದು ಗಂಟೆಯಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ, ಒಂದೆರಡು ದಿನದಲ್ಲಿ ಗುರುತೇ ಉಳಿಯುವುದಿಲ್ಲ. ಉತ್ತರ ಸಿಗಬೇಕಾದ್ದು ಆ ಮನೆಯಲ್ಲಿ.

ಅಲ್ಲಿ ನೋಡಬೇಕಾದ್ದು ಇಷ್ಟು. ವಾಟರ್ ಹೀಟರಿನ ನೆತ್ತಿಯ ಮೇಲೆ ಕೊಡೆಯಂಥ ಲೋಹದ ಟೋಪಿ, ಅದರ ಸುತ್ತ ತೆರೆದ ಸಂದು, ಅಲ್ಲಿಂದ ಮೇಲಕ್ಕೆ ತಗಡಿನ ಕೊಳವೆ ಇದ್ದರೆ ಅದು ಸಹಜವಾಗಿ ಹೊಗೆ ಮೇಲೇರುವುದನ್ನೇ ನಂಬಿಕೊಂಡ ಹಳೆಯ ಬಗೆ. ಬಿಳಿ ಪಿವಿಸಿ ಕೊಳವೆಗಳೆರಡು ನೇರ ಗೋಡೆಯಾಚೆಗೆ ಹೋಗಿದ್ದರೆ ಅದು ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಳ್ಳುವ ಮುಚ್ಚಿದ ಬಗೆ, ಹೊಗೆ ತಿರುಗಿ ಬರುವ ಭಯ ಬಹಳ ಕಡಿಮೆ. ಹಳೆಯ ಬಗೆಯಾಗಿದ್ದರೆ ಒಂದು ಪರೀಕ್ಷೆ ಮಾಡಲಿ. ಕಿಟಕಿ, ಹೊರಬಾಗಿಲು ಎಲ್ಲ ಮುಚ್ಚಿ, ಅಡುಗೆಮನೆ ಮತ್ತು ಬಚ್ಚಲಿನ ಎಕ್ಸಾಸ್ಟ್ ಫ್ಯಾನ್, ಬಟ್ಟೆ ಒಣಗಿಸುವ ಡ್ರೈಯರ್ ಎಲ್ಲ ಒಟ್ಟಿಗೆ ಹಾಕಬೇಕು. ಬಿಸಿನೀರಿನ ನಲ್ಲಿ ತಿರುಗಿಸಿ ಹೀಟರ್ ಹೊತ್ತಿಕೊಳ್ಳುವಂತೆ ಮಾಡಿ ಐದು ನಿಮಿಷ ಕಾಯಬೇಕು. ಆಮೇಲೆ ಒಂದು ಊದುಬತ್ತಿ ಹಚ್ಚಿ ಆ ಟೋಪಿಯ ಅಂಚಿಗೆ ಹಿಡಿಯಬೇಕು. ಹೊಗೆ ಒಳಕ್ಕೆ ಎಳೆದುಕೊಂಡು ಮೇಲೆ ಹೋದರೆ ಸರಿ. ಕೋಣೆಯ ಕಡೆಗೆ ತಳ್ಳಿಕೊಂಡು ಬಂದರೆ, ಉರಿದ ಗಾಳಿಯೂ ಹಾಗೇ ಬರುತ್ತಿದೆ ಎಂದರ್ಥ. ಹೀಟರ್ ಆರಿಸಿ, ಕಿಟಕಿ ತೆಗೆದು, ಗ್ಯಾಸ್ ಉಪಕರಣ ನೋಡುವ ತಂತ್ರಜ್ಞರನ್ನು ಕರೆಸಬೇಕು. ಅವರು ನೋಡಿ ಹೋಗುವವರೆಗೆ ಆ ಕೋಣೆಯಲ್ಲಿ ಯಾರೂ ಮಲಗಬಾರದು.

ಅಲಾರಂ ಇದೆಯಲ್ಲ ಎನ್ನಬಹುದು. ಅಮೆರಿಕದ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ಬನ್ ಮಾನಾಕ್ಸೈಡ್ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು) ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ, 400 ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗುತ್ತದೆ. 30 ಪಿಪಿಎಂ ಇದ್ದರೆ ದಿನಗಟ್ಟಲೆ ಸುಮ್ಮನಿರುವಂತೆಯೇ ಅದನ್ನು ಮಾಡಿರುತ್ತಾರೆ. ತಲೆನೋವು ತರಿಸುವ ಸಣ್ಣ ಮಟ್ಟ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಹೊರಗೂ ಒಂದೊಂದು ಅಲಾರಂ ಇರಲೇಬೇಕು. ಅದರ ಜೊತೆಗೆ ಬೇಸ್‌ಮೆಂಟಿನ ಕೋಣೆಗೆ ಕಡಿಮೆ ಮಟ್ಟವನ್ನೂ ಅಂಕಿಯಲ್ಲಿ ತೋರಿಸುವ ಮಾನಿಟರ್ ಒಂದನ್ನು ತರುವುದು ಒಳ್ಳೆಯದು. ಹಳೆಯ ಅಲಾರಂ ಇದ್ದರೆ ಹಿಂಬದಿಯ ತಾರೀಖು ನೋಡಲಿ. ಒಳಗಿನ ಸಂವೇದಕ 5ರಿಂದ 10 ವರ್ಷಕ್ಕೆ ಸಾಯುತ್ತದೆ, ಬಟನ್ ಒತ್ತಿದರೆ ಬರುವ ಸದ್ದು ಬ್ಯಾಟರಿಯದು ಮಾತ್ರ.

ಇನ್ನು ರೇಡಾನ್. ನೆಲದ ಕಲ್ಲುಮಣ್ಣಿನಲ್ಲಿರುವ ಯುರೇನಿಯಂ ಒಡೆದು ರೇಡಿಯಂ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಅದು ಅನಿಲವಾದ್ದರಿಂದ ಮಣ್ಣಿನ ಸಂದುಗಳಲ್ಲಿ ಹರಿದಾಡುತ್ತದೆ. ಅದರ ಅರ್ಧಾಯುಷ್ಯ 3.8 ದಿನ. ಅಷ್ಟರಲ್ಲಿ ಮನೆಯೊಳಗೆ ಬಂದರೆ ಅಲ್ಲಿ ಒಡೆದು ಪೊಲೋನಿಯಂ, ಸೀಸ, ಬಿಸ್ಮತ್‌ನ ಕಣಗಳಾಗಿ ದೂಳಿಗೆ ಅಂಟಿಕೊಳ್ಳುತ್ತದೆ. ನಿಜವಾಗಿ ಶ್ವಾಸಕೋಶವನ್ನು ಸುಡುವುದು ಈ ಕಣಗಳು. ಅಮೆರಿಕದಲ್ಲಿ ಧೂಮಪಾನ ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರಿಗೆ ದೊಡ್ಡ ಕಾರಣ ಇದೇ. ವರ್ಷಕ್ಕೆ ಸುಮಾರು 21,000 ಸಾವು ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಅಂದಾಜು.

ನಿಮ್ಮ ಮಗ ಇರುವ ಸೀಮೆಯೇ ಈ ವಿಷಯವನ್ನು ಅಮೆರಿಕದ ಜನರ ಗಮನಕ್ಕೆ ತಂದದ್ದು. ರೀಡಿಂಗ್ ಪ್ರಾಂಗ್ ಎಂಬ ಹಳೆಯ ಶಿಲಾಪಟ್ಟಿ ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿ ಹಾದು ನ್ಯೂಯಾರ್ಕ್ ಕಡೆಗೆ ಹೋಗುತ್ತದೆ, ಅದರಲ್ಲಿ ಯುರೇನಿಯಂ ಹೆಚ್ಚು. 1984ರ ಡಿಸೆಂಬರಿನಲ್ಲಿ ಲಿಮರಿಕ್ ಅಣುಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಬಾಗಿಲಲ್ಲಿದ್ದ ವಿಕಿರಣ ಅಲಾರಮನ್ನು ಮತ್ತೆ ಮತ್ತೆ ಹೊಡೆಸುತ್ತಿದ್ದರು. ಸ್ಥಾವರ ಆಗಿನ್ನೂ ವಿದ್ಯುತ್ ಉತ್ಪಾದಿಸುತ್ತಿರಲಿಲ್ಲ. ವಿಕಿರಣ ಅವರ ಬಟ್ಟೆಗೆ ಅಂಟಿ ಬರುತ್ತಿದ್ದದ್ದು ಬಾಯರ್‌ಟೌನಿನ ಅವರ ಮನೆಯಿಂದ. ಅಲ್ಲಿ ಅಳೆದಾಗ ಸಿಕ್ಕಿದ್ದು ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ. ಅದೇ ಬೀದಿಯಲ್ಲಿ ಕಡಿಮೆ ಇದ್ದ ಮನೆಗಳೂ ಇದ್ದವು. ಅದಕ್ಕೇ ಪಕ್ಕದ ಮನೆಯ 11 ನಿಮ್ಮ ಮಗನ ಮನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಪರೀಕ್ಷೆ ಮಾಡಿಸು ಎಂದು ಮಾತ್ರ ಹೇಳುತ್ತದೆ.

ಅಂಕಿಗಳ ಅಳತೆಗೋಲು ಹೀಗಿದೆ. ಅಮೆರಿಕದ ಹೊರಗಾಳಿಯಲ್ಲಿ ಸುಮಾರು 0.4, ಮನೆಯೊಳಗೆ ಸರಾಸರಿ 1.3 ಪಿಕೊಕ್ಯೂರಿ. 4 ಅಥವಾ ಮೇಲಿದ್ದರೆ ಸರಿಪಡಿಸಿ, 2ರಿಂದ 4ರ ನಡುವೆ ಇದ್ದರೂ ಯೋಚಿಸಿ ಎನ್ನುತ್ತದೆ ಇಪಿಎ. ಬೇರೆ ದೇಶಗಳಲ್ಲಿ ಬೆಕೆರೆಲ್‌ನಲ್ಲಿ ಹೇಳುತ್ತಾರೆ, ಲೀಟರಿಗೆ ಒಂದು ಪಿಕೊಕ್ಯೂರಿ ಎಂದರೆ ಘನ ಮೀಟರಿಗೆ 37 ಬೆಕೆರೆಲ್. 4 ಎಂದರೆ 148, ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸೆಕೆಂಡಿಗೆ 148 ರೇಡಾನ್ ಪರಮಾಣುಗಳು ಒಡೆಯುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ ಇನ್ನೂ ಬಿಗಿ: 100 ಬೆಕೆರೆಲ್, ಅದು ಆಗದಿದ್ದರೂ 300 ದಾಟಬಾರದು. 4ರ ಕೆಳಗೆ ಸುರಕ್ಷಿತ, ಮೇಲೆ ಅಪಾಯ ಎಂಬ ಗೆರೆಯೇನೂ ಪ್ರಕೃತಿಯಲ್ಲಿಲ್ಲ. ಸರಿಪಡಿಸುವ ಕೆಲಸ ಎಲ್ಲಿಯವರೆಗೆ ಸುಲಭವಾಗಿ ಮುಟ್ಟುತ್ತದೆ ಎಂಬುದನ್ನು ನೋಡಿ ಹಾಕಿದ ಗೆರೆ ಅದು.

ಮೀಟರ್ 9, 4, 13 ಎಂದು ಕುಣಿಯುತ್ತಿರುವುದು ಅದು ಕೆಟ್ಟಿದೆ ಎಂದಲ್ಲ. ಚಳಿಗಾಲದಲ್ಲಿ ಮನೆಯೊಳಗಿನ ಬಿಸಿ ಗಾಳಿ ಮೇಲೇರಿ ಮಾಳಿಗೆಯ ಸಂದುಗಳಿಂದ ಹೊರಗೆ ಹೋಗುತ್ತದೆ, ಕೆಳಗೆ ಬೇಸ್‌ಮೆಂಟಿನಲ್ಲಿ ಒತ್ತಡ ಒಂದಿಷ್ಟು ಇಳಿಯುತ್ತದೆ, ಮಣ್ಣಿನೊಳಗಿನ ಗಾಳಿ ಕಾಂಕ್ರೀಟಿನ ಬಿರುಕಿನಿಂದ ಒಳಗೆ ನುಗ್ಗುತ್ತದೆ. ಮನೆ ಒಂದು ಹೊಗೆಗೂಡಿನಂತೆ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳಿ. ರಾತ್ರಿ ಚಳಿ ಹೆಚ್ಚಾದರೆ, ಮಳೆಗೆ ಮೊದಲು ವಾಯುಭಾರ ಇಳಿದರೆ, ಸುತ್ತಲಿನ ನೆಲ ನೆನೆದು ಅಥವಾ ಹೆಪ್ಪುಗಟ್ಟಿ ಅನಿಲಕ್ಕೆ ಮನೆಯಡಿಯ ಒಣಮಣ್ಣೊಂದೇ ದಾರಿಯಾದರೆ ಅಂಕಿ ಏರುತ್ತದೆ. ಒಂದು ದಿನದ ಅಂಕಿಗೆ ಬೆಲೆಯಿಲ್ಲ. ಇಂಥ ಮೀಟರಿನಲ್ಲಿ ವಾರದ ಸರಾಸರಿಯಿಂದ ನೋಡಲು ಶುರುಮಾಡಬೇಕು, ತಿಂಗಳದ್ದಾದರೆ ಇನ್ನೂ ಒಳ್ಳೆಯದು.

ಆದರೆ ಅವರು ಇಟ್ಟಿರುವ ಜಾಗ ತಪ್ಪು. ನಮ್ಮಲ್ಲಿ ಸಂಪ್ ಎಂದರೆ ಕುಡಿಯುವ ನೀರಿನ ತೊಟ್ಟಿ. ಅಲ್ಲಿ ಅದು ನೆಲದಡಿಯ ಜಿನುಗು ನೀರು ಬಂದು ಸೇರುವ ಗುಂಡಿ, ಮಣ್ಣಿಗೆ ನೇರ ಬಾಯಿ. ಅದರ ಮುಚ್ಚಳದ ಮೇಲೆ ಅಳೆಯುವುದೆಂದರೆ ಒಲೆಯ ಮೇಲೆ ಥರ್ಮಾಮೀಟರ್ ಇಟ್ಟು ಮನೆಯ ಸೆಖೆ ಎಷ್ಟು ಎಂದು ಕೇಳಿದ ಹಾಗೆ. ಅನಿಲ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಲು ಆ ಅಂಕಿ ಉಪಯೋಗಕ್ಕೆ ಬಂದೀತು. ನೀವು ಉಸಿರಾಡಿದ್ದು ಎಷ್ಟು ಎಂದು ಅದು ಹೇಳದು. ಅಳತೆ ನೀವು ಮಲಗುವ ಕೋಣೆಯಲ್ಲಿ, ಉಸಿರಾಡುವ ಎತ್ತರದಲ್ಲಿ ಆಗಬೇಕು: ನೆಲದಿಂದ ಕನಿಷ್ಠ 50 ಸೆಂಟಿಮೀಟರ್ ಮೇಲೆ, ಹೊರಗೋಡೆಯಿಂದ 30, ಕಿಟಕಿ ಮತ್ತು ಹೊರಬಾಗಿಲಿನಿಂದ 90 ಸೆಂಟಿಮೀಟರ್ ದೂರ, ಹೀಟರಿನ ಗಾಳಿ ನೇರವಾಗಿ ಬೀಸದ ಕಡೆ. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಕೋಣೆ ಬೇಡ.

ಮೀಟರಿನ ಜೊತೆಗೆ ಪ್ರಯೋಗಾಲಯಕ್ಕೆ ಕಳಿಸುವ ಇದ್ದಿಲಿನ ಕಿಟ್ ಎರಡನ್ನು ತರಿಸಲಿ, ಒಂದಕ್ಕೆ ಸುಮಾರು 15ರಿಂದ 30 ಡಾಲರ್. ಎರಡನ್ನೂ ಒಂದೇ ಜಾಗದಲ್ಲಿ, ನಡುವೆ 10 ಸೆಂಟಿಮೀಟರ್ ಬಿಟ್ಟು ಇಡಬೇಕು. ಪರೀಕ್ಷೆ ಶುರುವಾಗುವ 12 ಗಂಟೆ ಮೊದಲಿನಿಂದ ಮುಗಿಯುವವರೆಗೆ ಇಡೀ ಮನೆಯ ಕಿಟಕಿಗಳು ಮುಚ್ಚಿರಬೇಕು, ಬರೀ ಬೇಸ್‌ಮೆಂಟಿನವಲ್ಲ. ಹೊರಬಾಗಿಲಲ್ಲಿ ಓಡಾಡಬಹುದು, ತೆರೆದಿಡಬಾರದು. ಫರ್ನೇಸ್ ಎಂದಿನಂತೆ ನಡೆಯಲಿ. ಕಿಟ್ಟಿನಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 48ರಿಂದ 96 ಗಂಟೆ, ಬಿಟ್ಟು, ತೆರೆದ ಮತ್ತು ಮುಚ್ಚಿದ ಸಮಯವನ್ನು ಗಂಟೆ ಸಮೇತ ಬರೆದು, ಅದೇ ದಿನ ಅಂಚೆಗೆ ಹಾಕಬೇಕು. ಇದ್ದಿಲು ಹಿಡಿದಿಟ್ಟ ರೇಡಾನ್ ದಾರಿಯಲ್ಲೂ ಒಡೆಯುತ್ತಲೇ ಇರುತ್ತದೆ. ಲಕೋಟೆ ಅಡುಗೆಮನೆ ಕಟ್ಟೆಯ ಮೇಲೆ ಒಂದು ವಾರ ಕುಳಿತರೆ ಪ್ರಯೋಗಾಲಯಕ್ಕೆ ಎಣಿಸಲು ಉಳಿದಿರುವುದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಂಥ ಪರೀಕ್ಷೆ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ತಪ್ಪು ಶುಕ್ರವಾರ ಅಂಚೆಗೆ ಹಾಕುವುದು. ತೇವವೂ ಇದ್ದಿಲನ್ನು ಕೆಡಿಸುತ್ತದೆ, ಆದ್ದರಿಂದ ಬೇಸ್‌ಮೆಂಟ್ ಒದ್ದೆಯಾಗಿರುವ ವಾರ ಬೇಡ.

ಎರಡು ಕಿಟ್ಟಿನ ಫಲಿತಾಂಶ ಹೆಚ್ಚುಕಡಿಮೆ ಹೊಂದಬೇಕು. ಒಂದರ ಎರಡರಷ್ಟು ಇನ್ನೊಂದು ಬಂದರೆ ಮತ್ತೆ ಮಾಡಬೇಕು. ಸರಾಸರಿ 4ಕ್ಕಿಂತ ಸ್ವಲ್ಪ ಮೇಲಿದ್ದು ಅವಸರವಿಲ್ಲ ಎನಿಸಿದರೆ, 90 ದಿನಕ್ಕೂ ಹೆಚ್ಚು ಕಾಲ ಇಡುವ ಆಲ್ಫಾ ಟ್ರ್ಯಾಕ್ ಪರೀಕ್ಷೆ ಮಾಡಿ ವರ್ಷದ ನಿಜವಾದ ಸರಾಸರಿ ತಿಳಿಯಬಹುದು. 8 ದಾಟಿದರೆ ಅಷ್ಟು ಕಾಯಬಾರದು, ಕೂಡಲೇ ಇನ್ನೊಂದು ಚಿಕ್ಕ ಪರೀಕ್ಷೆ ಮಾಡಿ ಖಚಿತವಾದರೆ ಕೆಲಸಕ್ಕೆ ಇಳಿಯಬೇಕು. ಮನೆಗೆ ಕೊಳವೆಬಾವಿ ನೀರು ಬರುತ್ತಿದ್ದರೆ ನೀರನ್ನೂ ಪರೀಕ್ಷಿಸಬೇಕು. ನೀರಿನಲ್ಲಿ ಲೀಟರಿಗೆ 10,000 ಪಿಕೊಕ್ಯೂರಿ ಇದ್ದರೆ ಮನೆಯ ಗಾಳಿಗೆ ಸೇರುವುದು ಸುಮಾರು ಒಂದು. ಊರಿನ ನಲ್ಲಿ ನೀರಾದರೆ, ಅದರಲ್ಲೂ ನದಿ ಅಥವಾ ಕೆರೆಯದಾದರೆ, ಈ ಚಿಂತೆ ಬಿಡಿ.

ಈಗ ಮಗ, ಸೊಸೆಯ ಉಪಾಯಗಳು. ಬೇಸ್‌ಮೆಂಟಿನ ಕಿಟಕಿ ತೆರೆದರೆ ಅಂಕಿ ಇಳಿಯುವುದು ನಿಜ, ಮುಚ್ಚಿದ ಕೆಲವೇ ಗಂಟೆಯಲ್ಲಿ ಮತ್ತೆ ಏರುವುದೂ ನಿಜ. ಜನವರಿಯ ಚಳಿಯಲ್ಲಿ ಯಾರೂ ಕಿಟಕಿ ತೆರೆದು ಮಲಗುವುದಿಲ್ಲ. ಮೇಲಿನ ಮಹಡಿಯ ಕಿಟಕಿ ಮಾತ್ರ ತೆರೆದರಂತೂ ಹೊಗೆಗೂಡಿನ ಬಾಯಿ ಅಗಲಿಸಿದಂತಾಗಿ ಕೆಳಗಿನ ಎಳೆತ ಹೆಚ್ಚಲೂಬಹುದು. ಏರ್ ಪ್ಯೂರಿಫೈಯರಿನ ಹೆಪಾ ಜಾಲರಿ ದೂಳನ್ನು ಹಿಡಿಯುತ್ತದೆ, ಅನಿಲವನ್ನು ಬಿಟ್ಟುಬಿಡುತ್ತದೆ. ದೂಳಿಗೆ ಅಂಟಿದ ಕಣಗಳು ಸ್ವಲ್ಪ ಕಡಿಮೆಯಾದರೂ ಇದನ್ನು ಪರಿಹಾರ ಎಂದು ಇಪಿಎ ಶಿಫಾರಸು ಮಾಡುವುದಿಲ್ಲ. ದುಡ್ಡು ಉಳಿಸಿ. ಬಿರುಕಿಗೆ ಮೆತ್ತುವುದು ಮಾಡಬೇಕಾದ ಕೆಲಸವೇ, ಅದೊಂದೇ ಸಾಲದು. ಗೋಡೆ ಮತ್ತು ನೆಲ ಸೇರುವ ಸುತ್ತಳತೆಯ ಸಂದು, ಟೊಳ್ಳು ಬ್ಲಾಕಿನ ಗೋಡೆ ಎಲ್ಲವನ್ನೂ ಮುಚ್ಚಿ ಮುಗಿಸಲು ಆಗುವುದಿಲ್ಲ.

ಕೆಲಸ ಮಾಡುವುದು ಒತ್ತಡವನ್ನು ತಿರುಗಿಸುವ ವಿಧಾನ. ಬೇಸ್‌ಮೆಂಟಿನ ಕಾಂಕ್ರೀಟ್ ನೆಲದಲ್ಲಿ ಒಂದು ತೂತು ಕೊರೆದು, ಅದರಡಿ ಬಕೆಟ್ಟುಗಟ್ಟಲೆ ಮಣ್ಣು ತೆಗೆದು ಪೊಳ್ಳು ಮಾಡಿ, 3 ಅಥವಾ 4 ಇಂಚಿನ ಪಿವಿಸಿ ಕೊಳವೆ ಇಳಿಸಿ, ಅದನ್ನು ಸೂರಿನ ಮೇಲಿನವರೆಗೆ ಒಯ್ದು, ನಡುವೆ ಹಗಲಿರುಳೂ ಓಡುವ ಒಂದು ಫ್ಯಾನ್ ಕೂರಿಸುತ್ತಾರೆ. ನೆಲದಡಿಯ ಒತ್ತಡ ಮನೆಯೊಳಗಿನದಕ್ಕಿಂತ ಕಡಿಮೆಯಾಗಿ ಅನಿಲ ಕೊಳವೆಯ ದಾರಿ ಹಿಡಿಯುತ್ತದೆ. ಸಂಪ್ ಗುಂಡಿಗೂ ಗಾಳಿಯಾಡದ ಮುಚ್ಚಳ ಹಾಕುತ್ತಾರೆ. ಸಾಮಾನ್ಯವಾಗಿ 1,000ದಿಂದ 2,500 ಡಾಲರ್ ಖರ್ಚು, ಒಂದು ದಿನದ ಕೆಲಸ. ಪೆನ್ಸಿಲ್ವೇನಿಯಾದಲ್ಲಿ ಇದನ್ನು ಕಸುಬಾಗಿ ಮಾಡುವವರು ರಾಜ್ಯದ ಪ್ರಮಾಣಪತ್ರ ಪಡೆದಿರಬೇಕೆಂಬ ಕಾನೂನಿದೆ, ಅದನ್ನು ಕೇಳಿ ನೋಡಲಿ.

ಕೆಲಸದವರಿಗೆ ಕೇಳಬೇಕಾದ ಪ್ರಶ್ನೆಗಳಿವೆ. 1974ರ ಮನೆಯ ನೆಲದಡಿ ಜಲ್ಲಿ ಹಾಸಿರದೆ ಬರೀ ಅಂಟುಮಣ್ಣು ಇರಬಹುದು. ಆಗ ಒಂದು ತೂತಿನ ಎಳೆತ ದೂರದ ಮೂಲೆಗೆ ಮುಟ್ಟುವುದಿಲ್ಲ. ಮೂಲೆಗಳಲ್ಲಿ ಸಣ್ಣ ತೂತು ಕೊರೆದು, ವ್ಯಾಕ್ಯೂಮ್ ಹಾಕಿ, ಎಳೆತ ಎಲ್ಲಿಯವರೆಗೆ ಹೋಗುತ್ತದೆ ಎಂದು ಮೊದಲೇ ಪರೀಕ್ಷಿಸುತ್ತೀರಾ ಎಂದು ಕೇಳಬೇಕು. ಫ್ಯಾನ್ ಬೇಸ್‌ಮೆಂಟಿನಲ್ಲಿ ಇರಕೂಡದು. ಫ್ಯಾನಿನಿಂದ ಮೇಲಿನ ಕೊಳವೆಯಲ್ಲಿ ಒತ್ತಡ ಹೆಚ್ಚಿರುವುದರಿಂದ, ಒಂದು ಜೋಡಣೆ ಸೋರಿದರೂ ದಟ್ಟ ರೇಡಾನ್ ಮನೆಯೊಳಗೇ ಸುರಿಯುತ್ತದೆ. ಅಟ್ಟ, ಮೇಲೆ ವಾಸದ ಕೋಣೆಯಿಲ್ಲದ ಗ್ಯಾರೇಜು ಅಥವಾ ಹೊರಗೋಡೆ ಅದರ ಜಾಗ. ಹೊರಬಾಯಿ ಕಿಟಕಿಗಳಿಂದ 10 ಅಡಿ ದೂರ ಇರಬೇಕು. ಕೊಳವೆಯ ಮೇಲೆ ಬಣ್ಣದ ದ್ರವದ ಯು ಆಕಾರದ ನಳಿಗೆ ಕೂರಿಸುತ್ತಾರೆ. ಎರಡು ಕಡೆಯ ದ್ರವ ಏರುಪೇರಾಗಿದ್ದರೆ ಫ್ಯಾನ್ ಎಳೆಯುತ್ತಿದೆ, ಸಮವಾಗಿದ್ದರೆ ನಿಂತಿದೆ. ಅದು ತೋರಿಸುವುದು ಎಳೆತವನ್ನು, ರೇಡಾನನ್ನು ಅಲ್ಲ. ಆದ್ದರಿಂದ ಫ್ಯಾನ್ ಹಾಕಿ 24 ಗಂಟೆ ಕಳೆದ ಮೇಲೆ, 30 ದಿನದೊಳಗೆ ಹೊಸ ಪರೀಕ್ಷೆ, ಆಮೇಲೆ ಎರಡು ವರ್ಷಕ್ಕೊಮ್ಮೆ.

ಈ ಮನೆಗೆ ವಿಶೇಷವಾದ ಎರಡು ಎಚ್ಚರ. ಬೇಸ್‌ಮೆಂಟಿನಲ್ಲಿ ಒಂಬತ್ತು ಇಂಚಿನ ಚೌಕದ ಹಳೆಯ ಟೈಲ್ಸ್ ಇದ್ದರೆ ಅದರಲ್ಲಿ, ಅಥವಾ ಅದರಡಿಯ ಕಪ್ಪು ಅಂಟಿನಲ್ಲಿ, ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಬಹಳ. ಹಾಗೇ ಬಿಟ್ಟರೆ ತೊಂದರೆಯಿಲ್ಲ, ಡ್ರಿಲ್ ಇಟ್ಟರೆ ದೂಳಾಗಿ ಹಾರುತ್ತದೆ. ತೂತಿನ ಜಾಗದ ತುಂಡನ್ನು ಮೊದಲು ಪ್ರಯೋಗಾಲಯಕ್ಕೆ ಕಳಿಸಬೇಕು. ಎರಡನೆಯದು, ನೆಲದಡಿ ಎಳೆಯುವ ಫ್ಯಾನ್ ಬಿರುಕುಗಳ ಮೂಲಕ ಮನೆಯ ಗಾಳಿಯನ್ನೂ ಎಳೆಯುತ್ತದೆ. ಮೊದಲೇ ಹೊಗೆ ಸರಿಯಾಗಿ ಏರದ ವಾಟರ್ ಹೀಟರ್ ಇದ್ದರೆ ಅದು ತಿರುಗಿ ಉಗುಳುವಂತಾಗಬಹುದು. ರೇಡಾನ್ ಇಳಿಸಲು ಹೋಗಿ ಕಾರ್ಬನ್ ಮಾನಾಕ್ಸೈಡ್ ತಂದುಕೊಂಡಂತೆ. ಆದ್ದರಿಂದ ಊದುಬತ್ತಿಯ ಪರೀಕ್ಷೆಯನ್ನು ಈ ಫ್ಯಾನ್ ಓಡುತ್ತಿರುವಾಗ ಮತ್ತೊಮ್ಮೆ ಮಾಡಬೇಕು.

ನಿಮ್ಮ ನಾಲ್ಕು ತಿಂಗಳ ಬಗ್ಗೆ. ಇಪಿಎ ಲೆಕ್ಕದಲ್ಲಿ, 8 ಪಿಕೊಕ್ಯೂರಿಯ ಮನೆಯಲ್ಲಿ ಇಡೀ ಆಯುಷ್ಯ ಕಳೆದ, ಎಂದೂ ಸೇದದ 1,000 ಜನರಲ್ಲಿ ಸುಮಾರು 15 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಸೇದುವವರಾದರೆ ಸುಮಾರು 120. ಸೇದಿ ಬಿಟ್ಟವರು ನಡುವೆ ಬರುತ್ತಾರೆ. 70 ವರ್ಷದಲ್ಲಿ ನಾಲ್ಕು ತಿಂಗಳೆಂದರೆ ಇನ್ನೂರಹತ್ತರಲ್ಲಿ ಒಂದು ಪಾಲು. ಆ ಪಾಲಿಗೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ, ರೇಡಾನ್ ಹೊಕ್ಕಿದೆಯೇ ಎಂದು ಹೇಳುವ ರಕ್ತಪರೀಕ್ಷೆಯೂ ಆಸ್ಪತ್ರೆಗಳಲ್ಲಿಲ್ಲ. ನಿಮ್ಮ ಹಳೆಯ ಸಿಗರೇಟಿನ ಕಥೆಯನ್ನು ವೈದ್ಯರಿಗೆ ತಿಳಿಸಿ, ಅದಕ್ಕೆ ಪ್ರತ್ಯೇಕ ತಪಾಸಣೆ ಬೇಕೇ ಎಂದು ಅವರು ನಿರ್ಧರಿಸಲಿ. ಲೆಕ್ಕ ಬೇಕಾದ್ದು ಆ ಮನೆಯಲ್ಲಿ ವರ್ಷಾನುಗಟ್ಟಲೆ ಇರುವ ಮಗ, ಸೊಸೆಗೆ. ಹೀಟರ್ ಸರಿಯಿದೆ ಎಂದು ಖಚಿತವಾಗಿ, ರೇಡಾನ್ ಅಂಕಿ ಇಳಿದ ಮೇಲೆ ಧಾರಾಳವಾಗಿ ಹೋಗಿ ಬನ್ನಿ. ಅಷ್ಟರೊಳಗೆ ಹೋಗಲೇಬೇಕಾದರೆ ಮೇಲಿನ ಮಹಡಿಯಲ್ಲಿ ಮಲಗಿ. ಬೇಸ್‌ಮೆಂಟಿನಲ್ಲಿ ಮುಗ್ಗು ವಾಸನೆ ಇದ್ದರೆ ಬೂಷ್ಟಿನ ಪರೀಕ್ಷೆಗೆ ದುಡ್ಡು ಸುರಿಯುವುದು ಬೇಡ. ಕಣ್ಣಿಗೆ ಕಂಡರೆ ತೆಗೆಯಬೇಕು, ನೀರಿನ ಮೂಲ ನಿಲ್ಲಿಸಬೇಕು, ತೇವಾಂಶ ಶೇ 50ರ ಕೆಳಗೆ ಇಡಬೇಕು, ಅಷ್ಟೇ.

ಗ್ರಾನೈಟಿನ ವಾಟ್ಸಾಪ್ ಸಂದೇಶದಲ್ಲಿ ಒಂದೆಳೆ ನಿಜವಿದೆ. ಚಾಮುಂಡಿ ಬೆಟ್ಟದ ಕಲ್ಲೂ ಗ್ರಾನೈಟೇ, ಗ್ರಾನೈಟಿನಲ್ಲಿ ಅಲ್ಪ ಯುರೇನಿಯಂ ಇದ್ದೇ ಇರುತ್ತದೆ. ಆದರೆ ಎರಡು ಸೆಂಟಿಮೀಟರ್ ದಪ್ಪದ, ಪಾಲಿಶ್ ಮಾಡಿದ ಹಲಗೆಯಿಂದ ಹೊರಬೀಳುವ ರೇಡಾನ್, ಮೀಟರುಗಟ್ಟಲೆ ಆಳದ ಮಣ್ಣು ಬಿರುಕಿನಿಂದ ಉಸಿರುವುದರ ಮುಂದೆ ತೀರ ಕಡಿಮೆ. ನಮ್ಮ ಕಡೆಯ ಮನೆಗಳಿಗೆ ಸಾಮಾನ್ಯವಾಗಿ ಬೇಸ್‌ಮೆಂಟಿರುವುದಿಲ್ಲ, ಒಳಗೆ ಕಾಯಿಸುವುದಿಲ್ಲ, ಕಿಟಕಿ ದಿನವೂ ತೆರೆದಿರುತ್ತದೆ. ಎಸಿ ಹಾಕಿ ಸದಾ ಮುಚ್ಚಿಟ್ಟ ನೆಲಮಹಡಿಯ ಕೋಣೆಯಿದ್ದರೆ ಬೆಳಗ್ಗೆ ಅರ್ಧ ಗಂಟೆ ಗಾಳಿಯಾಡಿಸಿ. ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರಜ್ಞರು ನಗರದ ಮನೆಗಳಲ್ಲಿ ರೇಡಾನ್ ಅಳೆದಿದ್ದಾರೆ. ಕುತೂಹಲವಿದ್ದರೆ ಅವರನ್ನು ವಿಚಾರಿಸಬಹುದು.

ಮೈಸೂರಿನ ಮನೆಯಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ನೀವು ಕೊನೆಗೆ ಸೇರಿಸಿದ ಒಂದು ಸಾಲು. ಬಚ್ಚಲೊಳಗಿನ ಗ್ಯಾಸ್ ಗೀಸರ್. ಬಾಗಿಲು ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಅದು ಉರಿಯುತ್ತಾ ಆಮ್ಲಜನಕ ತಿನ್ನುತ್ತದೆ. ಗಾಳಿ ಸಾಲದಾದಾಗ ಉರಿ ನೀಲಿಯಿಂದ ಹಳದಿಗೆ ತಿರುಗಿ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿ ಬೀಳುವುದು, ಬಾಗಿಲು ಒಡೆಯುವಷ್ಟರಲ್ಲಿ ಹೊತ್ತು ಮೀರಿರುವುದು ಕರ್ನಾಟಕದಲ್ಲಿ ಪ್ರತಿವರ್ಷವೆಂಬಂತೆ ಸುದ್ದಿಯಾಗುತ್ತದೆ. ಗೀಸರನ್ನೂ ಸಿಲಿಂಡರನ್ನೂ ಬಚ್ಚಲ ಹೊರಗೆ, ಗಾಳಿಯಾಡುವ ಯುಟಿಲಿಟಿ ಕಡೆಗೆ ಸಾಗಿಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ. ಪ್ಲಂಬರ್ ಬರುವವರೆಗೆ ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಐದು ನಿಮಿಷ ಬಾಗಿಲು ತೆರೆದಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ.